ಎದುರಿಗಿಲ್ಲದ ಸ್ಕ್ರೀನಿಗೆ ಬಂದ ಎಚ್ಚರಿಕೆ

ಬಲಗೈಯನ್ನು ಎದುರಿಗೆ ನೇರವಾಗಿ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ಉಗುರನ್ನೇ ದಿಟ್ಟಿಸಿ ನೋಡಿ. ಅಕ್ಷರ ಓದುವಷ್ಟು ಸ್ಪಷ್ಟವಾಗಿ ನಿಮ್ಮ ಕಣ್ಣಿಗೆ ಒಂದು ಸಲಕ್ಕೆ ಕಾಣುವ ಜಾಗ ಹೆಚ್ಚುಕಡಿಮೆ ಅಷ್ಟೇ ಅಗಲ. ಕೋನದ ಲೆಕ್ಕದಲ್ಲಿ ಸುಮಾರು 2 ಡಿಗ್ರಿ. ಮಿಕ್ಕಿದ್ದೆಲ್ಲ ಮಸುಕು. ಆದರೂ ಎಲ್ಲ ಚೆನ್ನಾಗಿ ಕಾಣುತ್ತಿದೆ ಅಂದುಕೊಂಡಿರುತ್ತೇವೆ, ಯಾಕೆಂದರೆ ನೋಡಬೇಕು ಅನ್ನಿಸಿದ ಕೂಡಲೇ ಕಣ್ಣು ಅತ್ತ ಹೊರಳಿಬಿಡುತ್ತದೆ. ಎರಡು-ಮೂರು ಮಾನಿಟರ್ ಮುಂದೆ ಕೂತು ಕೆಲಸ ಮಾಡಲು ಹೊಸದಾಗಿ ಬಂದವರಿಗೆ ನಾನು ಮೊದಲ ದಿನ ಮಾಡಿಸುವುದು ಈ ಹೆಬ್ಬೆರಳಿನ ಪಾಠ. ಕೀಬೋರ್ಡ್ ಮುಟ್ಟುವುದು ಆಮೇಲೆ.

ಈಗ ಒಂದು ಟೇಪು ತನ್ನಿ. 24 ಇಂಚಿನ ಮಾನಿಟರ್ ಅಂದರೆ ಅದು ಮೂಲೆಯಿಂದ ಮೂಲೆಗೆ ಅಳೆದದ್ದು. ಅಡ್ಡಕ್ಕೆ ಅಳೆದರೆ ಸುಮಾರು 53 ಸೆಂಟಿಮೀಟರ್ ಬರುತ್ತದೆ. ಅಂಥ ಎರಡನ್ನು ಪಕ್ಕಪಕ್ಕ ಇಟ್ಟು, ಎಡಗಡೆಯದರ ನಡುಭಾಗಕ್ಕೆ ಮುಖ ಮಾಡಿ, 60 ಸೆಂಟಿಮೀಟರ್ ದೂರದಲ್ಲಿ ಕೂತಿದ್ದೀರಿ ಅನ್ನೋಣ. ಬಲಗಡೆ ಮಾನಿಟರಿನ ಆಚೆ ಮೂಲೆ ನಿಮ್ಮ ನೋಟದ ಗೆರೆಯಿಂದ 50 ಡಿಗ್ರಿಗೂ ಆಚೆ ಬೀಳುತ್ತದೆ. ಇಪ್ಪತ್ತೈದು ಹೆಬ್ಬೆರಳನ್ನು ಸಾಲಾಗಿ ನಿಲ್ಲಿಸಿದಷ್ಟು ದೂರ. ವಿಂಡೋಸ್ ತನ್ನ ನೋಟಿಫಿಕೇಶನ್ ಚೀಟಿಯನ್ನು ಸಾಮಾನ್ಯವಾಗಿ ತೋರಿಸುವುದು ಮುಖ್ಯ ಸ್ಕ್ರೀನಿನ ಕೆಳಗಿನ ಬಲಮೂಲೆಯಲ್ಲಿ. ನಾವು ಸೆಟ್ಟಿಂಗ್ ಮುಟ್ಟದಿದ್ದರೆ ಅದು ನಿಲ್ಲುವುದು 5 ಸೆಕೆಂಡ್. ನಿಮ್ಮ ಮುಖ್ಯ ಸ್ಕ್ರೀನು ಬಲಗಡೆಯದಾಗಿದ್ದು, ನೀವು ಎಡಗಡೆ ಮಗ್ನರಾಗಿದ್ದರೆ, ಚೀಟಿ ಬಂದು ಹೋದದ್ದು ನಿಮಗೆ ಗೊತ್ತಾಗದಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ.

ನನಗೇ ಆದದ್ದು ಹೇಳುತ್ತೇನೆ. ಹಿಂದೆ ಕೆಲಸಕ್ಕಿದ್ದ ಕಡೆ ಒಂದು ರಾತ್ರಿ ಪಾಳಿ, ಮೂರು ಮಾನಿಟರ್. ಸರ್ವರಿನ ಡಿಸ್ಕ್ ತುಂಬುತ್ತಿದೆ ಎಂಬ ಎಚ್ಚರಿಕೆ ಎಡತುದಿಯ ಸ್ಕ್ರೀನಿಗೆ ಬಂತು. ನಾನು ಬಲತುದಿಯಲ್ಲಿ ಮುಂದಿನ ತಿಂಗಳ ಪಾಳಿಪಟ್ಟಿಯನ್ನು ಎಕ್ಸೆಲ್‌ನಲ್ಲಿ ಹೊಂದಿಸುತ್ತಿದ್ದೆ. ಮುಕ್ಕಾಲು ಗಂಟೆ ಕಳೆದ ಮೇಲೆ ಫೋನ್ ಬಂತು: "ಅಲರ್ಟ್ ಬಂದಿಲ್ವೇನ್ರೀ ನಿಮಗೆ?" ಬಂದಿತ್ತು. ಒಂದಲ್ಲ, ನಾಲ್ಕು ಸಲ ಬಂದದ್ದು ಗಂಟೆ-ನಿಮಿಷದ ಸಮೇತ ಪಟ್ಟಿಯಲ್ಲಿ ದಾಖಲಾಗಿತ್ತು. ಮಾರನೆಯ ದಿನ ನನ್ನನ್ನು ಕೂರಿಸಿಕೊಂಡು, ಇನ್ನು ಮುಂದೆ ಮೈಯೆಲ್ಲಾ ಕಣ್ಣಾಗಿ ಕೆಲಸ ಮಾಡಬೇಕು ಎಂದು ಬುದ್ಧಿ ಹೇಳಿದರು. ಮಾನಿಟರುಗಳು ಇದ್ದಲ್ಲೇ ಇದ್ದವು, ಸೆಟ್ಟಿಂಗ್‌ಗಳು ಇದ್ದ ಹಾಗೇ ಇದ್ದವು. ಬೈಸಿಕೊಂಡದ್ದಕ್ಕಿಂತ ಅದು ನನಗೆ ಹೆಚ್ಚು ಬೇಜಾರು ತಂದ ಸಂಗತಿ. ಮೈಯೆಲ್ಲಾ ಕಣ್ಣು ಮಾಡಿಕೊಳ್ಳಲು ನಾನೇನು ಇಂದ್ರನೇ?

ಅಡುಗೆಮನೆಗೆ ಹೋಗಿ ನೋಡಿದರೆ ಇದರ ಮರ್ಮ ತಿಳಿಯುತ್ತದೆ. ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ಕುಕ್ಕರ್. ಹಾಲು ಉಕ್ಕುವುದು ಕಣ್ಣಿಗೆ ಮಾತ್ರ ಕಾಣುವಂಥದ್ದು. ನೀವು ಈರುಳ್ಳಿ ಹೆಚ್ಚಲು ಬೆನ್ನು ತಿರುಗಿಸಿದಿರೋ, ಒಲೆಯೆಲ್ಲ ಹಾಲು. ಕುಕ್ಕರಿಗೆ ಆ ರಗಳೆ ಇಲ್ಲ. ನೀವು ಹಜಾರದಲ್ಲಿರಿ, ಹಿತ್ತಿಲಲ್ಲಿರಿ, ಅದು ಕೂಗಿ ಕರೆಯುತ್ತದೆ. ಮೂರನೇ ಸೀಟಿಗೆ ಒಲೆ ಆರಿಸಬೇಕು ಎಂಬುದೂ ಮನೆಮಂದಿಗೆಲ್ಲ ಗೊತ್ತು. ನಮ್ಮ ಕಂಪ್ಯೂಟರಿನ ಎಚ್ಚರಿಕೆಗಳಲ್ಲಿ ಬಹುಪಾಲು ಹಾಲಿನ ಜಾತಿಯವು. ತುರ್ತಿನದನ್ನಾದರೂ ಕುಕ್ಕರಿನ ಜಾತಿಗೆ ಸೇರಿಸಬೇಕು. ನೋಡುವವರ ಕಣ್ಣು ಎಲ್ಲಿದೆಯೋ ಅಲ್ಲಿಗೆ ಎಚ್ಚರಿಕೆಯೇ ನಡೆದು ಬರಬೇಕು.

ಹಾಗೆ ಬರಬೇಕಾದರೆ ಕಣ್ಣಂಚು ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಎಂಬುದು ಗೊತ್ತಿರಬೇಕು. ಇದಕ್ಕೂ ಒಂದು ಆಟವಿದೆ. ನೀವು ಎದುರು ಗೋಡೆಯ ಒಂದು ಚುಕ್ಕೆಯನ್ನು ನೋಡುತ್ತಾ ಕೂರಿ. ಸ್ನೇಹಿತರೊಬ್ಬರು, ಯಾವ ಬಣ್ಣ ಎಂದು ಹೇಳದೆ, ಒಂದು ಸ್ಕೆಚ್ ಪೆನ್ನನ್ನು ನಿಮ್ಮ ಕಿವಿಯ ಪಕ್ಕದಿಂದ ಅಲ್ಲಾಡಿಸುತ್ತಾ ನಿಧಾನವಾಗಿ ಮುಂದಕ್ಕೆ ತರಲಿ. ಏನೋ ಅಲ್ಲಾಡಿತು ಎಂಬುದು ಮೊದಲು ಗೊತ್ತಾಗುತ್ತದೆ. ಬಣ್ಣ ಯಾವುದೆಂದು ಹೇಳಲು ಪೆನ್ನು ಇನ್ನೂ ಸಾಕಷ್ಟು ಮುಂದೆ ಬರಬೇಕು. ಪೆನ್ನಿನ ಮೇಲಿನ ಕಂಪನಿಯ ಹೆಸರು ಓದಲು ಅದು ಮೂಗಿನ ನೇರಕ್ಕೇ ಬರಬೇಕು. ಚಲನೆ, ಬಣ್ಣ, ಅಕ್ಷರ: ಕಣ್ಣಂಚಿಗೆ ದಕ್ಕುವ ಸರದಿ ಇದು. ಎಚ್ಚರಿಕೆ ತಯಾರಿಸುವವರು ಇದನ್ನು ತಲೆಕೆಳಗು ಮಾಡುತ್ತಾರೆ. ದೂರದ ಸ್ಕ್ರೀನಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ನಾಲ್ಕು ಸಾಲು ಬರೆದು, ಅದಕ್ಕೊಂದು ಕೆಂಪು ಚುಕ್ಕೆ ಇಟ್ಟು, ಅಲ್ಲಾಡದಂತೆ ಕೂರಿಸುತ್ತಾರೆ.

ಚಲನೆಯಾದರೂ ಕೈ ಹಿಡಿಯುವುದು ಸುತ್ತಮುತ್ತ ಬೇರೇನೂ ಚಲಿಸದಿದ್ದಾಗ. ಪಕ್ಕದ ಮಾನಿಟರಿನಲ್ಲಿ ಕ್ರಿಕೆಟ್ ಓಡುತ್ತಿದ್ದರೆ, ಲಾಗ್ ಸಾಲುಗಳು ಸರಸರ ಮೇಲೇರುತ್ತಿದ್ದರೆ, ಅದರ ನಡುವೆ ಜಾರಿ ಬಂದ ಚೀಟಿ ಸಂತೆಯಲ್ಲಿ ಕೂಗಿದ ಹಾಗೆ. ಮನಸ್ಸು ಬೇರೆಡೆ ನೆಟ್ಟಿದ್ದರೆ ಎದುರಿಗಿದ್ದದ್ದೂ ಕಾಣುವುದಿಲ್ಲ. ಅಮೆರಿಕದ ಸೈಮನ್ಸ್ ಮತ್ತು ಷಾಬ್ರಿ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಪ್ರಕಟಿಸಿದ ಪ್ರಯೋಗ ಹೆಸರಾದದ್ದು. ಚೆಂಡು ಎಷ್ಟು ಸಲ ಕೈ ಬದಲಾಯಿತು ಎಂದು ಎಣಿಸುತ್ತಿದ್ದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ, ಆಟಗಾರರ ನಡುವೆಯೇ ಗೊರಿಲ್ಲಾ ವೇಷ ತೊಟ್ಟು ನಡೆದುಹೋದ ವ್ಯಕ್ತಿ ಕಾಣಲೇ ಇಲ್ಲ. ಅದು ಒಂದೇ ಪರದೆಯ ಮೇಲೆ ಆದದ್ದು. ನಮ್ಮ ಗೊರಿಲ್ಲಾ ಬರುವುದೋ ಆಚೆ ಮಾನಿಟರಿಗೆ!

ಸರಿ, ಈಗ ಕೀಬೋರ್ಡಿಗೆ ಬರೋಣ. ನಿಮ್ಮ ಹತ್ತಿರ ವಿಂಡೋಸ್ 11 ಇದೆ ಅಂದುಕೊಂಡು ಹೇಳುತ್ತೇನೆ, ಅದೇ ಹೆಚ್ಚು ಜನರ ಹತ್ತಿರ ಇರುವುದು. ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ಒಳಗೆ ಡಿಸ್‌ಪ್ಲೇಗೆ ಹೋಗಿ. ಮಾನಿಟರುಗಳ ಚಿತ್ರ ಚೌಕಗಳಾಗಿ ಕಾಣುತ್ತದೆ. 'ಐಡೆಂಟಿಫೈ' ಒತ್ತಿದರೆ ಪ್ರತಿ ಸ್ಕ್ರೀನಿನ ಮೇಲೂ ಅದರ ಅಂಕಿ ದೊಡ್ಡದಾಗಿ ಮೂಡುತ್ತದೆ. ಮೇಜಿನ ಮೇಲೆ ಯಾವುದು ಎಲ್ಲಿದೆಯೋ ಚೌಕಗಳನ್ನೂ ಹಾಗೇ ಎಳೆದು ಜೋಡಿಸಿ. ಆಮೇಲೆ ನೀವು ದಿನದಲ್ಲಿ ಹೆಚ್ಚು ಹೊತ್ತು ನೋಡುವ ಸ್ಕ್ರೀನನ್ನು ಆರಿಸಿ, ಅದನ್ನೇ ಮುಖ್ಯ ಡಿಸ್‌ಪ್ಲೇ ಮಾಡುವ ಆಯ್ಕೆಗೆ ಟಿಕ್ ಹಾಕಿ. ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್ ಸಿಕ್ಕಿಸಿಕೊಂಡ ಎಷ್ಟೋ ಜನ ಕೆಲಸವೆಲ್ಲ ದೊಡ್ಡದರಲ್ಲಿ ಮಾಡುತ್ತಾರೆ. ಮುಖ್ಯ ಸ್ಕ್ರೀನು ಮಾತ್ರ ಪಕ್ಕಕ್ಕೆ ಸರಿದ ಲ್ಯಾಪ್‌ಟಾಪೇ ಆಗಿ ಉಳಿದಿರುತ್ತದೆ. ಇದೊಂದು ಟಿಕ್ಕಿನಿಂದಲೇ ಅರ್ಧ ತೊಂದರೆ ಹೋಗುತ್ತದೆ ಎಂಬುದು ನನ್ನ ಅನುಭವ.

ಐದು ಸೆಕೆಂಡಿನ ಆಯುಸ್ಸನ್ನೂ ಹೆಚ್ಚಿಸಬಹುದು. ಅದು ನೋಟಿಫಿಕೇಶನ್ ಪುಟದಲ್ಲಿಲ್ಲ. ಆಕ್ಸೆಸಿಬಿಲಿಟಿ ಒಳಗಿನ ವಿಷುವಲ್ ಎಫೆಕ್ಟ್ಸ್‌ನಲ್ಲಿ ಅವಿತು ಕೂತಿದೆ. 5 ಸೆಕೆಂಡಿನಿಂದ 5 ನಿಮಿಷದವರೆಗೆ ಆಯ್ಕೆಗಳಿವೆ. ಐದು ನಿಮಿಷ ಇಟ್ಟರೆ ಬಂದದ್ದೆಲ್ಲ ಮೂಲೆಯಲ್ಲಿ ಠಿಕಾಣಿ ಹೂಡುತ್ತದೆ. ನಾನು 30 ಸೆಕೆಂಡ್ ಇಟ್ಟುಕೊಂಡಿದ್ದೇನೆ. ಅದೇ ಆಕ್ಸೆಸಿಬಿಲಿಟಿಯ ಆಡಿಯೋ ಪುಟದಲ್ಲಿ, ಎಚ್ಚರಿಕೆಯ ಸದ್ದು ಬಂದಾಗ ಸ್ಕ್ರೀನನ್ನೇ ಮಿನುಗಿಸುವ ಏರ್ಪಾಡಿದೆ. ಕಿವಿ ಕೇಳದವರಿಗೆಂದು ಮಾಡಿದ್ದು. ಗದ್ದಲದ ಕೋಣೆಯಲ್ಲಿ ಕಿವಿ ಕೇಳುವವರಿಗೂ ಅದೇ ಗತಿಯಾದ್ದರಿಂದ ಸಂಕೋಚವಿಲ್ಲದೆ ಬಳಸಿಕೊಳ್ಳಿ. ಟಾಸ್ಕ್‌ಬಾರ್ ಎಲ್ಲ ಮಾನಿಟರಿನಲ್ಲೂ ಕಾಣುವಂತೆ ಮಾಡುವ ಆಯ್ಕೆ ಪರ್ಸನಲೈಸೇಶನ್ ಒಳಗಿನ ಟಾಸ್ಕ್‌ಬಾರ್ ಪುಟದಲ್ಲಿದೆ. ಅದು ಯಾಕೆ ಬೇಕು ಎಂದು ಮುಂದೆ ಹೇಳುತ್ತೇನೆ.

ಒಂದು ಗುಂಡಿಯ ಬಗ್ಗೆ ಮಾತ್ರ ಹುಷಾರಾಗಿರಿ: 'ಡು ನಾಟ್ ಡಿಸ್ಟರ್ಬ್'. ನೀವು ಒತ್ತದಿದ್ದರೂ ಅದು ತಾನಾಗಿ ಚಾಲೂ ಆಗುವ ಸಂದರ್ಭಗಳಿವೆ. ಆಟ ಆಡುವಾಗ, ಯಾವುದಾದರೂ ಆಪನ್ನು ಪೂರ್ತಿ ಸ್ಕ್ರೀನಿಗೆ ಹಿಗ್ಗಿಸಿದಾಗ, ಎರಡು ಪರದೆಗಳಲ್ಲಿ ಒಂದೇ ಚಿತ್ರ ತೋರಿಸುವಾಗ. ಪ್ರೊಜೆಕ್ಟರಿಗೆ ಜೋಡಿಸಿ ಪಾಠ ಮಾಡುವ ನನ್ನಂಥವರಿಗೆ ಇದು ಉಪಕಾರಿ. ಮನೆಯವರ ಮೆಸೇಜು ಇಡೀ ತರಗತಿಗೆ ಕಾಣುವುದು ತಪ್ಪುತ್ತದೆ. ಆದರೆ ಒಂದು ಮಾನಿಟರಿನಲ್ಲಿ ಫುಲ್‌ಸ್ಕ್ರೀನ್ ವಿಡಿಯೋ ಬಿಟ್ಟುಕೊಂಡು ಇನ್ನೊಂದರಲ್ಲಿ ಪಾಳಿ ಕಾಯುವವರಿಗೆ ಇದೇ ಮುಳುವಾಗಬಹುದು. ನೋಟಿಫಿಕೇಶನ್ ಪುಟದಲ್ಲಿ ಆ ಟಿಕ್ಕುಗಳನ್ನು ಒಂದೊಂದಾಗಿ ನೋಡಿ, ಬೇಡವಾದ್ದನ್ನು ತೆಗೆಯಿರಿ. ಅಲ್ಲೇ 'ಪ್ರಯಾರಿಟಿ' ಪಟ್ಟಿಯೂ ಇದೆ. ತಡೆ ಇದ್ದಾಗಲೂ ಒಳಗೆ ಬಿಡಬೇಕಾದ ಆಪ್‌ಗಳ ಹೆಸರು ಅದರಲ್ಲಿ ಸೇರಿಸಿ. ಎರಡು-ಮೂರು ಸಾಕು.

ಮ್ಯಾಕ್ ಬಳಸುವವರಿಗೆ ಚೀಟಿ ಮೇಲಿನ ಬಲಮೂಲೆಯಲ್ಲಿ ಬರುತ್ತದೆ. ಪ್ರತಿ ಆಪಿಗೂ ಎರಡು ಬಗೆ: ಬಂದು ತಾನೇ ಹೋಗುವಂಥದ್ದು, ನೀವು ಕಳಿಸುವವರೆಗೆ ನಿಲ್ಲುವಂಥದ್ದು. ತುರ್ತಿನ ಆಪಿಗೆ ಎರಡನೆಯದು. ಲಿನಕ್ಸಿನ ಗ್ನೋಮ್‌ನಲ್ಲಿ ಮುಖ್ಯ ಸ್ಕ್ರೀನಿನ ಮೇಲ್ಭಾಗದ ನಡುವೆ ಬರುತ್ತದೆ. ಲಿನಕ್ಸ್ ಡೆಸ್ಕ್‌ಟಾಪುಗಳ ನೋಟಿಫಿಕೇಶನ್ ನಿಯಮದಲ್ಲೇ ಲೋ, ನಾರ್ಮಲ್, ಕ್ರಿಟಿಕಲ್ ಎಂದು ಮೂರು ದರ್ಜೆಗಳಿವೆ, ಕ್ರಿಟಿಕಲ್ ಆದದ್ದು ತಾನಾಗಿ ಮಾಯವಾಗಕೂಡದು ಎಂದು ಸ್ಪಷ್ಟವಾಗಿ ಬರೆದಿದೆ. ಬುದ್ಧಿವಂತರು ಬರೆದ ನಿಯಮ.

ಸದ್ದಿನ ವಿಷಯಕ್ಕೆ ಬಂದರೆ, ಹೊಸಬರು ಬೀಳುವ ಹಳ್ಳ ಒಂದೇ. ಎಚ್‌ಡಿಎಂಐ ತಂತಿಯಲ್ಲಿ ಮಾನಿಟರ್ ಸಿಕ್ಕಿಸಿದಾಗ ಚಿತ್ರದ ಜತೆಗೆ ಸದ್ದೂ ಆ ಮಾನಿಟರಿಗೇ ಹೊರಟುಹೋಗುವುದುಂಟು. ಮಾನಿಟರಿಗೆ ಸ್ಪೀಕರ್ ಇಲ್ಲ. ಕಂಪ್ಯೂಟರ್ ತನ್ನ ಪಾಡಿಗೆ ಕೂಗುತ್ತಲೇ ಇರುತ್ತದೆ, ಕೋಣೆ ಮೌನ. ಹೆಡ್‌ಫೋನಿನದೂ ಇದೇ ಕಥೆ: ಊಟಕ್ಕೆ ಎದ್ದು ಹೋಗುವಾಗ ಮೇಜಿನ ಮೇಲೆ ಬಿಚ್ಚಿಟ್ಟ ಹೆಡ್‌ಫೋನು ಸೊಳ್ಳೆಯ ಹಾಗೆ ಗುಂಯ್‌ಗುಡುತ್ತದೆ. ಟಾಸ್ಕ್‌ಬಾರಿನ ಸ್ಪೀಕರ್ ಗುರುತು ಒತ್ತಿ, ಸದ್ದು ಎಲ್ಲಿಗೆ ಹೋಗುತ್ತಿದೆ ಎಂದು ಪಾಳಿ ಶುರುವಾಗುವ ಮೊದಲು ನೋಡುವ ಅಭ್ಯಾಸ ಮಾಡಿಕೊಳ್ಳಿ. ತುರ್ತಿನ ಸದ್ದು ಚಾಟ್ ಮೆಸೇಜಿನ 'ಟಿಂಗ್' ಥರ ಇರಲೇಬಾರದು. ಆಸ್ಪತ್ರೆಯ ಯಂತ್ರಗಳಿಗೆ ಇದಕ್ಕೆಂದೇ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ, ಅದರ ಸಂಖ್ಯೆ ಐಇಸಿ 60601-1-8. ಅದರ ಪ್ರಕಾರ ಅತಿ ತುರ್ತಿನ ಎಚ್ಚರಿಕೆಗೆ ಹತ್ತು ಬಡಿತ, ಮಧ್ಯಮದ್ದಕ್ಕೆ ಮೂರು. ದೀಪವೂ ಹಾಗೆಯೇ: ಅತಿ ತುರ್ತಿಗೆ ಕೆಂಪು, ಬೇಗಬೇಗ ಮಿನುಗಬೇಕು, ಮಧ್ಯಮಕ್ಕೆ ಹಳದಿ, ನಿಧಾನವಾಗಿ ಮಿನುಗಬೇಕು. ಯಂತ್ರದ ಕಡೆ ಬೆನ್ನು ಮಾಡಿ ನಿಂತ ನರ್ಸಮ್ಮನಿಗೂ ಸದ್ದಿನಿಂದಲೇ ಓಡಬೇಕೋ, ನಡೆಯಬೇಕೋ ಗೊತ್ತಾಗುತ್ತದೆ. ಕುಕ್ಕರಿನ ಸೀಟಿ ಎಣಿಸಿದ ಹಾಗೆಯೇ.

ಇಷ್ಟಾದರೂ ಸಾಲದ ಜಾಗಗಳಿವೆ. ನೀವು ಸರ್ವರ್ ಕಾಯುವವರೋ, ಕ್ಯಾಮರಾ ಕಾಯುವವರೋ ಆಗಿದ್ದು, ಎಚ್ಚರಿಕೆಯ ಕಿಟಕಿಯನ್ನು ನೀವೇ ಬರೆಸುವ ಅವಕಾಶವಿದ್ದರೆ ವಿಮಾನದ ಕಾಕ್‌ಪಿಟ್ಟಿನಿಂದ ಒಂದು ಉಪಾಯ ಎರವಲು ಪಡೆಯಿರಿ. ಅಲ್ಲಿ ಪೈಲಟ್ಟುಗಳ ಸುತ್ತ ನೂರಾರು ದೀಪ, ಮುಳ್ಳು, ಗುಂಡಿಗಳಿರುತ್ತವೆ. ಎಲ್ಲವನ್ನೂ ಕಾಯುವುದು ಸಾಧ್ಯವಿಲ್ಲದ್ದರಿಂದ, ಇಬ್ಬರ ಮೂಗಿನ ನೇರಕ್ಕೂ ಒಂದೊಂದು 'ಮಾಸ್ಟರ್ ವಾರ್ನಿಂಗ್' ದೀಪ ಇಟ್ಟಿರುತ್ತಾರೆ. ಏನು ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಏನೋ ಕೆಟ್ಟಿದೆ, ಅತ್ತ ನೋಡು ಎಂದಷ್ಟೇ ಹೇಳುತ್ತದೆ. ವಿವರ ಬೇರೆ ಫಲಕದಲ್ಲಿ. ನಾವೂ ಹಾಗೇ ಮಾಡಬಹುದು. ಎಲ್ಲ ಮಾನಿಟರಿನ ನಾಲ್ಕೂ ಅಂಚಿಗೆ ಎರಡು ಬೆರಳಗಲದ ಕೆಂಪು ಪಟ್ಟಿ ಮೂಡಲಿ. ನೀವು ಎಲ್ಲಿ ನೋಡುತ್ತಿದ್ದರೂ ಒಂದಲ್ಲ ಒಂದು ಅಂಚು ಹತ್ತಿರ ಇದ್ದೇ ಇರುತ್ತದೆ. ವಿವರದ ಚೀಟಿ ಮೌಸ್ ಬಾಣ ಇರುವ ಸ್ಕ್ರೀನಿನಲ್ಲಿ ಬರಲಿ, ಯಾಕೆಂದರೆ ಸಾಮಾನ್ಯವಾಗಿ ಬಾಣ ಇದ್ದಲ್ಲೇ ಕಣ್ಣೂ ಇರುತ್ತದೆ. ಪಟ್ಟಿ ಅಂಚಿನಲ್ಲೇ ಇರಲಿ. ಇಡೀ ಸ್ಕ್ರೀನನ್ನು ಮುಚ್ಚಿದರೆ, ಬೆಂಕಿ ಆರಿಸಲು ಬೇಕಾದ ಕೊಡವನ್ನೇ ಬಚ್ಚಿಟ್ಟ ಹಾಗಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ಗಮನವಿಟ್ಟು ಓದಿ. ನೀವು ಟೈಪ್ ಮಾಡುತ್ತಿರುವಾಗ ಎಚ್ಚರಿಕೆಯ ಕಿಟಕಿ ದಿಢೀರನೆ ಮುಂದೆ ಬಂದು ಕೀಬೋರ್ಡನ್ನು ವಶ ಮಾಡಿಕೊಂಡರೆ ಏನಾಗುತ್ತದೆ? ನಿಮ್ಮ ಬೆರಳು ಅದಾಗಲೇ ಎಂಟರ್ ಒತ್ತಲು ಹೊರಟಿರುತ್ತದೆ. ಒತ್ತಿದ್ದು ಎಚ್ಚರಿಕೆಯ 'ಓಕೆ' ಗುಂಡಿಗೆ ತಗಲುತ್ತದೆ. ಕಿಟಕಿ ಮಾಯ. ಏನೋ ಮಿಂಚಿದ ಹಾಗಾಯಿತಲ್ಲ ಎಂದು ನೀವು ಕಣ್ಣುಜ್ಜುತ್ತೀರಿ. ಈ ಕಾಟಕ್ಕೇ ವಿಂಡೋಸ್, ಹಿಂದೆ ಇರುವ ಆಪ್‌ಗಳಿಗೆ ಹೀಗೆ ಮುಂದೆ ನುಗ್ಗಲು ಸುಲಭವಾಗಿ ಬಿಡುವುದಿಲ್ಲ. ಬದಲಿಗೆ ಟಾಸ್ಕ್‌ಬಾರಿನಲ್ಲಿ ಅದರ ಗುರುತನ್ನು ಮಿನುಗಿಸುತ್ತದೆ. ಟಾಸ್ಕ್‌ಬಾರ್ ಎಲ್ಲ ಮಾನಿಟರಿನಲ್ಲೂ ಇರಲಿ ಎಂದದ್ದು ಇದಕ್ಕೇ. ನಿಮ್ಮ ಕಿಟಕಿಯೂ ಮೇಲೆ ಕಾಣಲಿ, ಕೀಬೋರ್ಡಿಗೆ ಕೈ ಹಾಕದಿರಲಿ. ಅದನ್ನು ಮುಚ್ಚಲು ಮೌಸಿನಿಂದಲೇ ಒತ್ತಬೇಕು ಎಂದಿರಲಿ.

ಮಿನುಗಿಸುವುದರಲ್ಲೂ ಮಿತಿ ಬೇಕು. 1997ರ ಡಿಸೆಂಬರ್ 16ರಂದು ಜಪಾನಿನ ಟಿವಿಯಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಬಂತು. ಅದರಲ್ಲಿ ಕೆಂಪು-ನೀಲಿ ಬೆಳಕು ಪಟಪಟನೆ ಮಿನುಗಿದ್ದನ್ನು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದರು. ಕೆಲವರಿಗೆ ಫಿಟ್ಸ್ ಬಂದಿತ್ತು. ವೆಬ್ ಪುಟಗಳ ನಿಯಮಾವಳಿ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಿಸಬೇಡಿ ಎನ್ನುತ್ತದೆ. ನಾನು ಒಂದೇ ಸಾಕು ಎನ್ನುತ್ತೇನೆ, ಅದೂ ನಾಲ್ಕೈದು ಸಲ ಮಿನುಗಿ ಆಮೇಲೆ ಸ್ಥಿರವಾಗಿ ನಿಲ್ಲಲಿ. ಬಣ್ಣವೊಂದನ್ನೇ ನಂಬಬೇಡಿ. ಕೆಂಪು-ಹಸಿರು ಗೊಂದಲವಾಗುವ ಗಂಡಸರು ನಾವು ಅಂದುಕೊಂಡಷ್ಟು ಅಪರೂಪವಲ್ಲ, ಎಷ್ಟೋ ಜನಕ್ಕೆ ತಮಗೆ ಹಾಗಿದೆ ಎಂಬುದೇ ಗೊತ್ತಿರುವುದಿಲ್ಲ. ಬಣ್ಣದ ಜತೆಗೆ ಒಂದು ಆಕಾರ, ಒಂದು ದಪ್ಪಕ್ಷರದ ಮಾತು ಇರಲಿ. "ದೋಷ ಸಂಭವಿಸಿದೆ" ಎಂಬ ಮಾತಲ್ಲ. "ಬಿಲ್ಲಿಂಗ್ ಸರ್ವರ್ ಡಿಸ್ಕ್ 96% ತುಂಬಿದೆ, 2:10ರಿಂದ" ಎಂಬ ಮಾತು.

ಇಷ್ಟು ಕಲಿಸಿದ ಮೇಲೆ ನನ್ನ ವಿದ್ಯಾರ್ಥಿಗಳು ಉತ್ಸಾಹದಲ್ಲಿ ಎಲ್ಲದಕ್ಕೂ ಕೆಂಪು ಪಟ್ಟಿ ಹಾಕುತ್ತಾರೆ. ಆಗ ಅವರಿಗೆ ಮಿಲ್‌ಫರ್ಡ್ ಹೇವನ್ ಕಥೆ ಹೇಳುತ್ತೇನೆ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಆ ಊರಿನ ತೈಲ ಸಂಸ್ಕರಣಾಗಾರದಲ್ಲಿ 1994ರ ಜುಲೈ 24ರಂದು ಸ್ಫೋಟವಾಯಿತು. ಅದಕ್ಕೆ ಮುಂಚಿನ ಸುಮಾರು 11 ನಿಮಿಷದಲ್ಲಿ ಇಬ್ಬರು ಆಪರೇಟರುಗಳ ಮುಂದೆ ಬಂದದ್ದು 275 ಅಲಾರಂ. ಎರಡೂವರೆ ಸೆಕೆಂಡಿಗೊಂದರಂತೆ. ಓದುವುದಿರಲಿ, ಒತ್ತಿ ಸುಮ್ಮನಾಗಿಸಲೂ ಪುರಸೊತ್ತಿಲ್ಲ. ಅದಕ್ಕೂ ಹಿಂದೆ, 1979ರ ಮಾರ್ಚ್ 28ರಂದು, ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಅಪಘಾತವಾದಾಗಲೂ ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಅಲಾರಂ ಹೊಡೆದುಕೊಂಡವು. ಅಲಾರಂ ಮುದ್ರಿಸುವ ಪ್ರಿಂಟರ್ ನಡೆಯುತ್ತಿದ್ದ ಘಟನೆಗಿಂತ ಎರಡು ಗಂಟೆಗೂ ಹೆಚ್ಚು ಹಿಂದೆ ಬಿತ್ತು. ರಿಯಾಕ್ಟರಿನಿಂದ ನೀರು ಸೋರಿಹೋಗುತ್ತಿದೆ ಎಂದು ಸುಳಿವು ಕೊಡಬಹುದಾಗಿದ್ದ ತೊಟ್ಟಿಯ ಮಾಪಕಗಳು ಅಲ್ಲೇ ಇದ್ದವು, ಆದರೆ ಫಲಕದ ಹಿಂಬದಿಯಲ್ಲಿ. ಎದ್ದು ಸುತ್ತಿ ಹೋಗಿ ನೋಡಬೇಕಿತ್ತು. ಮೂರನೇ ಮಾನಿಟರಿನ ಕಥೆ ನಮ್ಮ ಮೇಜಿನ ಕಂಪ್ಯೂಟರಿಗಿಂತ ಹಳೆಯದು ಅನ್ನಿಸುವುದು ಇಂಥದ್ದನ್ನು ಓದಿದಾಗ.

ಅಲಾರಂ ಬಗ್ಗೆ ಬ್ರಿಟನ್ನಿನ ಎಂಜಿನಿಯರುಗಳು ಬಳಸುವ ಇಇಎಂಯುಎ 191 ಎಂಬ ಕೈಪಿಡಿಯ ಅಂದಾಜಿನಲ್ಲಿ, ಒಬ್ಬ ಆಪರೇಟರಿಗೆ ಹಿತವಾಗಿ ನಿಭಾಯಿಸಲು ಆಗುವುದು ಹತ್ತು ನಿಮಿಷಕ್ಕೆ ಒಂದು ಅಲಾರಂ. ಅದು ಕಾರ್ಖಾನೆಯ ಮಾತು. ನಮ್ಮ ಮೇಜಿಗೆ ನಾನು ಇಟ್ಟುಕೊಂಡ ಕಟ್ಟಳೆ ಇನ್ನೂ ಬಿಗಿ: ಈ ಕ್ಷಣ ಕುರ್ಚಿಯಿಂದ ಏಳುವಂಥದ್ದೇ? ಹೌದಾದರೆ ಕೆಂಪು ಪಟ್ಟಿ. ಅರ್ಧ ಗಂಟೆ ತಡೆದರೆ ನಡೆಯುತ್ತದೆಯೇ? ಮೂಲೆಯ ಚೀಟಿ ಸಾಕು. ನಾಳೆ ನೋಡಿದರಾಯಿತೇ? ಹಾಗಾದರೆ ಅದು ಎಚ್ಚರಿಕೆಯೇ ಅಲ್ಲ, ಪಟ್ಟಿಯಲ್ಲಿ ಬಿದ್ದಿರಲಿ. ಕೆಂಪು ಪಟ್ಟಿ ಬಂದು ಎರಡು ನಿಮಿಷ ಯಾರೂ ಒತ್ತದಿದ್ದರೆ ಫೋನಿಗೆ ಕರೆ ಹೋಗಬೇಕು. ಮನುಷ್ಯ ಚಹಾಕ್ಕೆ ಎದ್ದು ಹೋಗುವುದು ಅಪರಾಧವಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಎಚ್ಚರಿಕೆಯ ಯಂತ್ರವೇ ಸತ್ತು, ಸತ್ತದ್ದು ಯಾರಿಗೂ ಗೊತ್ತಾಗದಿರುವುದು. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟು ಹೋಯಿತು. ಅದು ಶುರುವಾದ ಒಹಾಯೊದ ನಿಯಂತ್ರಣ ಕೊಠಡಿಯಲ್ಲಿ ಮಧ್ಯಾಹ್ನ ಎರಡು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಅಲಾರಂ ತಂತ್ರಾಂಶ ಸದ್ದಿಲ್ಲದೆ ನಿಂತಿತ್ತು. ಅಲಾರಂ ಇಲ್ಲ ಅಂದರೆ ಎಲ್ಲ ಚೆನ್ನಾಗಿದೆ ಎಂದೇ ಅಲ್ಲಿದ್ದವರು ತಿಳಿದರು. ಸಂಜೆ ನಾಲ್ಕರ ಹೊತ್ತಿಗೆ ಕತ್ತಲೆ. ಆದ್ದರಿಂದ ಪಾಳಿ ಶುರುವಾಗುವಾಗ ಒಂದು ಸುಳ್ಳು ಎಚ್ಚರಿಕೆ ಹಾರಿಸಿ ನೋಡಿ. ನೀವೇ ಒತ್ತಿ ನೀವೇ ನೋಡಿದರೆ ಉಪಯೋಗವಿಲ್ಲ, ಮನಸ್ಸು ಕಾಯುತ್ತಿರುತ್ತದೆ. ಪಕ್ಕದವರಿಗೆ ಹೇಳಿ, ನೀವು ಅತಿ ದೂರದ ಮಾನಿಟರಿನಲ್ಲಿ ಏನನ್ನೋ ಓದುತ್ತಿರುವಾಗ, ಹೇಳದೆ ಕೇಳದೆ ಹಾರಿಸಲಿ.

ಕಳೆದ ಸಲದ ತಂಡದಲ್ಲಿ ನಾನೇ ಹೀಗೆ ಮಾಡಿದೆ. ನನ್ನ ಕೈಯಾರೆ ಬರೆದ ಕೆಂಪು ಪಟ್ಟಿ, ಹೊಸ ಸದ್ದು, ಮೂರು ಮಾನಿಟರ್. ಬಲತುದಿಯಲ್ಲಿ ಓದುತ್ತಾ ಕೂತಿದ್ದ ಹುಡುಗಿ ಎರಡೇ ಸೆಕೆಂಡಿನಲ್ಲಿ ತಲೆ ಎತ್ತಿದಳು. ನನಗೆ ಒಳಗೊಳಗೇ ಹೆಮ್ಮೆ. ಅವಳು ಸದ್ದು ನಿಲ್ಲಿಸಲು ತನ್ನ ಸ್ಕ್ರೀನನ್ನೆಲ್ಲ ಮೇಲಿಂದ ಕೆಳಗೆ ಹುಡುಕಿದಳು, ನಡುವಿನದನ್ನೂ ಹುಡುಕಿದಳು. ಹತ್ತು ಬಡಿತದ ಸದ್ದು ಮೂರನೇ ಸುತ್ತಿಗೆ ಬಂದಾಗ ಕಿವಿ ಮುಚ್ಚಿಕೊಂಡು ಕೇಳಿದಳು: "ಸಾರ್, ಇದನ್ನ ಆಫ್ ಮಾಡೋ ಬಟನ್ ಎಲ್ಲಿಟ್ಟಿದ್ದೀರಿ?"

ಎಡತುದಿಯ ಸ್ಕ್ರೀನಿನಲ್ಲಿ, ಕೆಳಗಿನ ಮೂಲೆಯಲ್ಲಿ ಇಟ್ಟಿದ್ದೆ.